ಬಿಸಿಲಲ್ಲಿ ಹಳೆಯ ಮಿನಿ: ಬಿಸಿ ಹೊರಗೆ ಹೋಗುವ ದಾರಿ

ಎಲ್ಲರಿಗೂ ನಮಸ್ಕಾರ.

ಮೊದಲು ಒಂದು ಪ್ರಶ್ನೆ. ಬೇಸಿಗೆ ಬಂತೆಂದರೆ ನಿಮ್ಮಲ್ಲಿ ಎಷ್ಟು ಜನ ಮಿನಿ ಕಾರನ್ನು ಶೆಡ್‌ನಿಂದ ಹೊರಗೆ ತೆಗೆಯೋಕೆ ಹಿಂದೆಮುಂದೆ ನೋಡುತ್ತೀರಿ? ಕೈ ಎತ್ತಿ. ಸರಿ, ಅರ್ಧಕ್ಕಿಂತ ಜಾಸ್ತಿ ಜನ ಇದ್ದೀರಿ. ಮೂರು ಬೇಸಿಗೆ ನಾನೂ ಹಾಗೇ ಇದ್ದೆ. ಆ ಮೂರು ವರ್ಷದಲ್ಲಿ ಕಲಿತದ್ದನ್ನು ಇವತ್ತು ನಿಮ್ಮ ಮುಂದೆ ಇಡುತ್ತೇನೆ.

ನನ್ನದು 998 ಸಿಸಿ ಇಂಜಿನ್ನಿನ ಮಿನಿ. ತೆರೆದ ರಸ್ತೆಯಲ್ಲಿ ಚೆನ್ನಾಗಿಯೇ ಓಡುತ್ತಿತ್ತು. ಟ್ರಾಫಿಕ್‌ನಲ್ಲಿ ಹತ್ತು ನಿಮಿಷ ನಿಂತರೆ ಸಾಕು, ಟೆಂಪರೇಚರ್ ಮುಳ್ಳು ಕೆಂಪಿನ ಕಡೆ ಹೊರಡುತ್ತಿತ್ತು. ಮೊದಲ ವರ್ಷ ಥರ್ಮೋಸ್ಟಾಟ್, ಅಂದರೆ ನೀರು ಕಾದಾಗ ರೇಡಿಯೇಟರ್ ಕಡೆ ದಾರಿ ಬಿಡುವ ಕವಾಟ, ಬದಲಾಯಿಸಿದೆ. ಎರಡನೇ ವರ್ಷ ವಾಟರ್ ಪಂಪ್ ಹಾಕಿಸಿದೆ. ಮೂರನೇ ವರ್ಷ ದೊಡ್ಡ ರೇಡಿಯೇಟರ್ ಕೂರಿಸಿದೆ. ಮುಳ್ಳು ಮಾತ್ರ ತನ್ನ ಚಾಳಿ ಬಿಡಲಿಲ್ಲ.

ಕೊನೆಗೆ ಒಬ್ಬ ಹಿರಿಯ ಮೆಕ್ಯಾನಿಕ್ ಹತ್ತಿರ ಗಾಡಿ ತೆಗೆದುಕೊಂಡು ಹೋದೆ. ಅವರು ಒಂದು ಸ್ಪ್ಯಾನರ್ ಕೂಡ ಮುಟ್ಟಲಿಲ್ಲ. ಇಂಜಿನ್ ಚಾಲೂ ಇಡಿ ಅಂದರು. ಬಾನೆಟ್ ಎತ್ತಿ, ತೆಳು ಕಾಗದದ ಒಂದು ಪಟ್ಟಿ ಹರಿದು, ಅದನ್ನು ಉದ್ದನೆಯ ಕಡ್ಡಿಯ ತುದಿಗೆ ಕಟ್ಟಿದರು. ರೇಡಿಯೇಟರ್ ಅಂಚಿಗೂ ಮಡ್ಗಾರ್ಡಿನ ಒಳಗಿನ ತಗಡಿಗೂ ನಡುವೆ ಇದ್ದ ಸಂದಿಯ ಹತ್ತಿರ ಹಿಡಿದರು. ಕಾಗದ ಪಟಪಟ ಹೊಡೆದುಕೊಳ್ಳುತ್ತಾ ನಮ್ಮ ಕಡೆಗೇ ಹಾರಿತು. "ನೋಡಪ್ಪಾ, ಹೊರಗೆ ಹೋಗಬೇಕಾದ ಗಾಳಿ ವಾಪಸ್ ಬರ್ತಾ ಇದೆ. ಬಿಸಿ ಹೊರಗೆ ಹೋಗೋ ದಾರೀನೇ ಇಲ್ಲ ಇದಕ್ಕೆ," ಅಂದರು.

ನಾನು ಇವತ್ತು ಹೇಳಬೇಕಾದ ಮಾತು ಅದೇ. ಗಾಡಿ ಹೀಟ್ ಆದರೆ ಯಾವ ಹೊಸ ಭಾಗ ತರಲಿ ಅಂತ ಯೋಚಿಸಬೇಡಿ. ಬಿಸಿ ಎಲ್ಲಿ ಹುಟ್ಟುತ್ತೆ, ಎಲ್ಲಿಂದ ಎಲ್ಲಿಗೆ ಹೋಗುತ್ತೆ, ಆ ದಾರಿಯಲ್ಲಿ ಎಲ್ಲಿ ತಡೆ ಇದೆ ಅಂತ ನೋಡಿ.

ಮಿನಿಯಲ್ಲಿ ಈ ದಾರಿ ಯಾಕೆ ಇಷ್ಟು ಕಷ್ಟದ್ದು ಅನ್ನೋದಕ್ಕೆ ಅದರ ಹುಟ್ಟಿನಲ್ಲೇ ಕಾರಣ ಇದೆ. 1956ರ ಸೂಯೆಜ್ ಬಿಕ್ಕಟ್ಟಿನಿಂದ ಬ್ರಿಟನ್ನಿನಲ್ಲಿ ಪೆಟ್ರೋಲಿಗೆ ಪರದಾಟ ಶುರುವಾಯಿತು. ಕಡಿಮೆ ಪೆಟ್ರೋಲ್ ಕುಡಿಯುವ, ನಾಲ್ಕು ಜನ ಕೂರುವ ಪುಟ್ಟ ಕಾರು ಬೇಕಾಯಿತು. ವಿನ್ಯಾಸಕಾರ ಅಲೆಕ್ ಇಸಿಗೊನಿಸ್ ಅದನ್ನು ಸುಮಾರು 3 ಮೀಟರ್ ಉದ್ದದಲ್ಲಿ ಮಾಡಿ ತೋರಿಸಿದರು. 1959ರ ಆಗಸ್ಟ್‌ನಲ್ಲಿ ಕಾರು ಹೊರಬಂತು. ಜಾಗ ಉಳಿಸಲು ಇಂಜಿನ್ನನ್ನು ಅಡ್ಡಕ್ಕೆ ಇಟ್ಟರು, ಗೇರ್‌ಬಾಕ್ಸನ್ನು ಅದರ ಕೆಳಗೆ ಸೇರಿಸಿದರು. ಹಾಗಾಗಿ ಮುಂದೆ ರೇಡಿಯೇಟರ್‌ಗೆ ಜಾಗ ಉಳಿಯಲಿಲ್ಲ. ಅದನ್ನು ಎಡಗಡೆ, ಚಕ್ರದ ಪಕ್ಕಕ್ಕೆ ನಿಲ್ಲಿಸಿದರು.

ಇದರ ಪರಿಣಾಮ ಏನು? ಸಾಮಾನ್ಯ ಕಾರಿನಲ್ಲಿ ಎದುರಿನಿಂದ ಬರುವ ಹೊಸ ಗಾಳಿ ಮೊದಲು ರೇಡಿಯೇಟರ್‌ಗೆ ತಾಗುತ್ತದೆ. ಮಿನಿಯಲ್ಲಿ ಗಾಳಿ ಮುಂದಿನ ಗ್ರಿಲ್‌ನಿಂದ ಒಳಗೆ ಬಂದು, ಬಿಸಿ ಇಂಜಿನ್ ಸುತ್ತ ಸುಳಿದು, ಆಮೇಲೆ ಫ್ಯಾನ್‌ಗೆ ಸಿಗುತ್ತದೆ. ಫ್ಯಾನ್ ಅದನ್ನು ರೇಡಿಯೇಟರ್ ಮೂಲಕ ತಳ್ಳಿ, ಮಡ್ಗಾರ್ಡಿನ ಸೀಳುಗಳಿಂದ ಚಕ್ರದ ಗೂಡಿಗೆ ಕಳಿಸುತ್ತದೆ. ಅಂದರೆ ರೇಡಿಯೇಟರ್‌ಗೆ ಸಿಗುವ ಗಾಳಿ ಆಗಲೇ ಬೆಚ್ಚಗಾಗಿರುತ್ತದೆ.

ಇಲ್ಲಿ ಒಂದು ಸಣ್ಣ ಲೆಕ್ಕ ಹಾಕೋಣ. ರೇಡಿಯೇಟರ್ ಎಷ್ಟು ಬಿಸಿ ಬಿಡುತ್ತೆ ಅನ್ನೋದು ನೀರಿಗೂ ಗಾಳಿಗೂ ಇರುವ ವ್ಯತ್ಯಾಸದ ಮೇಲೆ ನಿಂತಿದೆ. ನೀರು 85 ಡಿಗ್ರಿ, ಗಾಳಿ 20 ಡಿಗ್ರಿ ಇದ್ದರೆ ವ್ಯತ್ಯಾಸ 65. ಗಾಳಿ 42 ಡಿಗ್ರಿ ಆದರೆ ವ್ಯತ್ಯಾಸ 43ಕ್ಕೆ ಇಳಿಯಿತು. ಅದೇ ರೇಡಿಯೇಟರ್, ಅದೇ ಫ್ಯಾನ್, ಕೆಲಸ ಮಾತ್ರ ಮೂರರಲ್ಲಿ ಎರಡು ಪಾಲು. ಈಗ ಹೊರಗೆ ಹೋಗಬೇಕಾದ ಬಿಸಿ ಗಾಳಿ ಸಂದಿಯಿಂದ ವಾಪಸ್ ಬಂದು ಬಾನೆಟ್ ಒಳಗೇ ತಿರುಗುತ್ತಿದೆ ಅಂದುಕೊಳ್ಳಿ. ಒಳಗಿನ ಗಾಳಿ 60 ಆಯಿತು. ವ್ಯತ್ಯಾಸ ಬರೀ 25! ಇಂಥ ಸ್ಥಿತಿಯಲ್ಲಿ ಎಷ್ಟು ದೊಡ್ಡ ರೇಡಿಯೇಟರ್ ಹಾಕಿ ಏನು ಪ್ರಯೋಜನ? ನನಗೆ ಆಗಿದ್ದು ಅದೇ.

ನನ್ನ ಗಾಡಿಯಲ್ಲಿ ಫ್ಯಾನ್ ಸುತ್ತಲಿನ ತಗಡಿನ ಕವಚ, ಅಂದರೆ ಕೌಲ್, ಇತ್ತು. ಆದರೆ ರೇಡಿಯೇಟರ್‌ಗೂ ಮಡ್ಗಾರ್ಡ್ ತಗಡಿಗೂ ನಡುವೆ ಇರಬೇಕಾದ ಫೋಮ್ ಪಟ್ಟಿ ಎಂದೋ ಪುಡಿಯಾಗಿ ಉದುರಿಹೋಗಿತ್ತು. ಅದರ ಜಾಗದಲ್ಲಿ ಹೆಬ್ಬೆರಳು ತೂರುವಷ್ಟು ಸಂದಿ. ಮೇಲೆ, ಕೆಳಗೆ, ಎರಡೂ ಪಕ್ಕ. ಅವತ್ತು ಸಂಜೆ ಕೂತು ಹಳೆಯ ಅಂಟನ್ನು ಕೆರೆದು, ಹೊಸ ಫೋಮ್ ಪಟ್ಟಿ ಅಂಟಿಸಿದೆ. ಮೂಲೆಗಳಲ್ಲಿ ಎರಡು ಪಟ್ಟಿ ಸೇರುವ ಕಡೆ ಸಂದಿ ಉಳಿಯದ ಹಾಗೆ ಓರೆಯಾಗಿ ಕತ್ತರಿಸಿ ಕೂರಿಸಿದೆ. ರೇಡಿಯೇಟರ್ ಮತ್ತೆ ಬಿಗಿ ಮಾಡಿದಾಗ ಫೋಮ್ ಅರ್ಧಕ್ಕೆ ಅಮುಕಿಕೊಳ್ಳಬೇಕು, ಆಗಲೇ ಅದು ಗಾಳಿ ಹಿಡಿಯುತ್ತದೆ. ಮತ್ತೆ ಕಾಗದ ಹಿಡಿದು ನೋಡಿದೆ. ಪಟ್ಟಿ ಅಲುಗಾಡಲಿಲ್ಲ. ಬಗ್ಗಿ ಚಕ್ರದ ಗೂಡಿನ ಹತ್ತಿರ ಕೈ ಇಟ್ಟರೆ ಬಿಸಿ ಗಾಳಿ ಭರ್ರೆಂದು ಬರುತ್ತಿತ್ತು. ಆ ಗಾಳಿ ಕೈಗೆ ತಾಗಿದಾಗ ಆದ ಖುಷಿ ನನಗೆ ಇನ್ನೂ ನೆನಪಿದೆ. ಮರುದಿನ ಮಧ್ಯಾಹ್ನ ಅದೇ ರಸ್ತೆಯಲ್ಲಿ ಹೋಗಿ ಅದೇ ಟ್ರಾಫಿಕ್‌ನಲ್ಲಿ ನಿಂತೆ. ಮುಳ್ಳು ಸ್ವಲ್ಪ ಏರಿ ಅಲ್ಲೇ ನಿಂತಿತು.

ಈ ಪರೀಕ್ಷೆ ನೀವೂ ಮಾಡಿ. ಆದರೆ ಹುಷಾರು. ತೋಳು ಮಡಚಿಕೊಳ್ಳಿ, ಕೂದಲು ಉದ್ದ ಇದ್ದರೆ ಕಟ್ಟಿಕೊಳ್ಳಿ, ಫ್ಯಾನ್ ಹತ್ತಿರ ಬೆರಳು ಒಯ್ಯಲೇಬೇಡಿ. ಅದಕ್ಕೇ ಕಾಗದವನ್ನು ಕಡ್ಡಿಗೆ ಕಟ್ಟುವುದು.

ಫ್ಯಾನ್ ಬಗ್ಗೆ ಇನ್ನೊಂದು ಮಾತು. ಇಂಜಿನ್ ಬಿಚ್ಚಿ ಜೋಡಿಸಿದ ಗಾಡಿಯಲ್ಲಿ ಫ್ಯಾನ್ ಹಿಂದುಮುಂದಾಗಿ ಕೂತಿರುವುದನ್ನು ನಾನು ಕಣ್ಣಾರೆ ನೋಡಿದ್ದೇನೆ. ತಿರುಗಿಸಿ ಹಾಕಿದರೂ ಗಾಳಿ ಅದೇ ದಿಕ್ಕಿಗೆ ಹೋಗುತ್ತದೆ, ಆದರೆ ರೆಕ್ಕೆಯ ಬಾಗು ಉಲ್ಟಾ ಆಗಿ ಗಾಳಿ ಕಡಿಮೆಯಾಗುತ್ತದೆ. ಫ್ಯಾನ್ ತಿರುಗುತ್ತಿದೆಯಲ್ಲ ಅಂತ ಯಾರೂ ಅನುಮಾನ ಪಡುವುದಿಲ್ಲ. ಇನ್ನು ಬೆಲ್ಟ್. ಎರಡು ಪುಲ್ಲಿಗಳ ನಡುವಿನ ಉದ್ದ ಭಾಗವನ್ನು ಬೆರಳಿಂದ ಒತ್ತಿದರೆ ಸುಮಾರು 12 ಮಿಲಿಮೀಟರ್ ಬಾಗಬೇಕು. ಅದಕ್ಕಿಂತ ಜಾಸ್ತಿ ಸಡಿಲ ಇದ್ದರೆ ಬೆಲ್ಟ್ ಜಾರಿ ಫ್ಯಾನ್, ಪಂಪ್ ಎರಡೂ ನಿಧಾನವಾಗುತ್ತವೆ. ಗ್ರಿಲ್ ಮುಂದೆ ದೊಡ್ಡ ದೊಡ್ಡ ಲ್ಯಾಂಪ್ ಸಾಲಾಗಿ ಹಾಕಿದ್ದೀರಾ? ನೋಡೋಕೆ ಚಂದ, ಒಪ್ಪುತ್ತೇನೆ. ಬೇಸಿಗೆ ಮುಗಿಯುವ ತನಕ ಬಿಚ್ಚಿಡಿ.

ಈಗ ನೀರಿನ ದಾರಿಗೆ ಬರೋಣ. ಉರಿದ ಪೆಟ್ರೋಲಿನ ಶಕ್ತಿಯಲ್ಲಿ ಹೆಚ್ಚುಕಡಿಮೆ ಕಾಲು ಭಾಗ ಮಾತ್ರ ಗಾಡಿ ಓಡಿಸುತ್ತದೆ. ಉಳಿದದ್ದರಲ್ಲಿ ದೊಡ್ಡ ಪಾಲು ಸೈಲೆನ್ಸರ್ ಕಡೆ ಹೋಗುತ್ತದೆ, ಇನ್ನೊಂದು ದೊಡ್ಡ ಪಾಲನ್ನು ನೀರು ಹೊರಬೇಕು. ಹೀಟರ್ ಇರುವ ಮಿನಿಯಲ್ಲಿ ಇರುವ ನೀರಾದರೂ ಎಷ್ಟು? ಸುಮಾರು ಮೂರೂವರೆ ಲೀಟರ್. 1959ರ 848 ಸಿಸಿ ಇಂಜಿನ್ನಿಗೆ 34 ಕುದುರೆಶಕ್ತಿ ಇತ್ತು. 1964ರಲ್ಲಿ ಬಂದ 1275 ಸಿಸಿಯ ಮಿನಿ ಕೂಪರ್ ಎಸ್‌ಗೆ 76. ಶಕ್ತಿ ಎರಡು ಪಟ್ಟಿಗಿಂತ ಜಾಸ್ತಿಯಾಯಿತು, ಬಾನೆಟ್ ಕೆಳಗಿನ ಜಾಗ ಅಷ್ಟೇ ಉಳಿಯಿತು. ನಿಮ್ಮಲ್ಲಿ ಸಣ್ಣ ಇಂಜಿನ್ ತೆಗೆದು ದೊಡ್ಡದು ಹಾಕಿಸಿದವರು ಇದನ್ನು ನೆನಪಿಡಿ.

ಮಿನಿಯ ಬ್ಲಾಕ್ (ಸಿಲಿಂಡರ್‌ಗಳಿರುವ ಇಂಜಿನ್ನಿನ ಮುಖ್ಯ ಭಾಗ), ಹೆಡ್ (ಅದರ ಮೇಲೆ ಕೂರುವ ಭಾಗ) ಎರಡೂ ಎರಕದ ಕಬ್ಬಿಣ. ಕಬ್ಬಿಣ ಅಂದಮೇಲೆ ತುಕ್ಕು ಇದ್ದದ್ದೇ. ದಶಕಗಳ ತುಕ್ಕು ಕೆಸರಾಗಿ ಬ್ಲಾಕ್‌ನ ತಳದಲ್ಲಿ ಕೂರುತ್ತದೆ. ಅದರಲ್ಲೂ ಪಂಪ್‌ನಿಂದ ದೂರ ಇರುವ 4ನೇ ಸಿಲಿಂಡರ್ ಸುತ್ತ. ಒಮ್ಮೆ ಬ್ಲಾಕ್‌ನ ಡ್ರೈನ್ ಪ್ಲಗ್ ಬಿಚ್ಚಿದಾಗ ನೀರು ಬರಲೇ ಇಲ್ಲ. ತಂತಿ ಹಾಕಿ ಕೆದಕಿದೆ. ಮೊದಲು ಇಟ್ಟಿಗೆ ಬಣ್ಣದ ಗಟ್ಟಿ ರಾಡಿ ತೊಟ್ಟು ತೊಟ್ಟಾಗಿ ಬಿತ್ತು, ಆಮೇಲೆ ನೀರು ಬುಳುಕ್ಕೆಂದು ನುಗ್ಗಿತು. ಬಕೆಟ್ ತಳದಲ್ಲಿ ಎರಡು ಹಿಡಿ ತುಕ್ಕು. ರೇಡಿಯೇಟರ್ ತೊಳೆದವರು ಬಹಳ ಜನ ಇದ್ದಾರೆ, ಬ್ಲಾಕ್ ತೊಳೆದವರು ಕಡಿಮೆ. ಬ್ಲಾಕ್ ತೊಳೆಯದೆ ಹೊಸ ರೇಡಿಯೇಟರ್ ಹಾಕಿದರೆ ಆ ರಾಡಿ ಹೋಗಿ ಹೊಸದರಲ್ಲಿ ಕೂರುತ್ತದೆ, ಅಷ್ಟೇ.

ರೇಡಿಯೇಟರನ್ನು ಉಲ್ಟಾ ತೊಳೆಯಬೇಕು. ನೀರು ದಿನಾ ಮೇಲಿನಿಂದ ಕೆಳಕ್ಕೆ ಹರಿಯುತ್ತದೆ, ತೊಳೆಯುವಾಗ ಕೆಳಗಿನ ಬಾಯಿಂದ ನೀರು ಬಿಡಿ. ಸಿಕ್ಕಿಕೊಂಡದ್ದು ಬಂದ ದಾರಿಯಲ್ಲೇ ವಾಪಸ್ ಹೋಗುತ್ತದೆ. ಒಳಗೆ ಕಟ್ಟಿದೆಯಾ ಅಂತ ತಿಳಿಯೋಕೆ, ಇಂಜಿನ್ ಬಿಸಿಯಾದ ಮೇಲೆ ಆಫ್ ಮಾಡಿ, ಇನ್‌ಫ್ರಾರೆಡ್ ಥರ್ಮಾಮೀಟರ್ ರೇಡಿಯೇಟರ್ ಮೇಲೆ ಅಡ್ಡಡ್ಡ ಓಡಿಸಿ. ಎಲ್ಲಾದರೂ ಥಟ್ಟನೆ ತಣ್ಣಗಿನ ಪಟ್ಟೆ ಸಿಕ್ಕರೆ ಅಲ್ಲಿ ನೀರು ಓಡುತ್ತಿಲ್ಲ ಎಂದರ್ಥ.

ಹೋಸ್ ಪೈಪ್‌ಗಳಲ್ಲಿ ಎರಡನ್ನು ವಿಶೇಷವಾಗಿ ನೋಡಿ. ಒಂದು, ಕೆಳಗಿನ ದೊಡ್ಡ ಹೋಸ್. ಅದು ಪಂಪ್ ಎಳೆಯುವ ಕಡೆ ಇರುವುದು. ರಬ್ಬರ್ ಮೆತ್ತಗಾಗಿದ್ದರೆ ಇಂಜಿನ್ ವೇಗ ಏರಿದಾಗ ಒಳಕ್ಕೆ ಚಪ್ಪಟೆಯಾಗಿ ನೀರು ನಿಂತುಬಿಡುತ್ತದೆ. ನಿಂತ ಗಾಡಿಯಲ್ಲಿ ನೋಡಿದರೆ ಸರಿಯಾಗೇ ಕಾಣುತ್ತದೆ. ಎರಡು, ಪಂಪ್‌ಗೂ ಹೆಡ್‌ಗೂ ನಡುವಿನ ಪುಟ್ಟ ಬೈಪಾಸ್ ಹೋಸ್. ಬೆರಳುದ್ದ ಇದೆ, ಆದರೆ ಬದಲಾಯಿಸೋದು ಬಹಳ ಕಷ್ಟ. ಅದಕ್ಕೇ ಎಲ್ಲರೂ ಮುಂದಕ್ಕೆ ಹಾಕುತ್ತಾರೆ, ಅದು ದಾರಿ ಮಧ್ಯೆ ಒಡೆಯುತ್ತದೆ. ಪಂಪ್ ಅಥವಾ ಹೆಡ್ ಯಾವ ಕಾರಣಕ್ಕೆ ಬಿಚ್ಚಿದರೂ ಅದನ್ನು ಹೊಸದು ಹಾಕಿಬಿಡಿ.

ರೇಡಿಯೇಟರ್ ಕ್ಯಾಪ್ ಬರೀ ಮುಚ್ಚಳ ಅಲ್ಲ. ಅದು ಒಳಗೆ ಒತ್ತಡ ಹಿಡಿಯುತ್ತದೆ. 13 ಪಿಎಸ್ಐ ಕ್ಯಾಪ್ ಸರಿಯಾಗಿದ್ದರೆ ನೀರು 100ರ ಬದಲು 119 ಡಿಗ್ರಿ ಹತ್ತಿರ ಕುದಿಯುತ್ತದೆ. ಅದರ ರಬ್ಬರ್ ಒಣಗಿ ಬಿರಿದಿದ್ದರೆ ಆ 19 ಡಿಗ್ರಿ ಕೈಬಿಟ್ಟಿತು. ಹಾಗಂತ ಜಾಸ್ತಿ ಒತ್ತಡದ ಕ್ಯಾಪ್ ಹಾಕಿ ಹಳೆಯ ರೇಡಿಯೇಟರನ್ನು ಸೀಳಿಕೊಳ್ಳಬೇಡಿ. ನಿಮ್ಮ ಮಾಡೆಲ್‌ಗೆ ಎಷ್ಟು ಹೇಳಿದೆಯೋ ಅಷ್ಟೇ ಇರಲಿ.

ಇನ್ನು ಬಿಸಿ ಹುಟ್ಟುವ ಜಾಗ. ಇದನ್ನು ಜನ ಮರೆಯುತ್ತಾರೆ. ಇಗ್ನಿಷನ್ ಟೈಮಿಂಗ್, ಅಂದರೆ ಪ್ಲಗ್ ಕಿಡಿ ಹಾರಿಸುವ ಸಮಯ, ತಡವಾಗಿದ್ದರೆ ಎಕ್ಸಾಸ್ಟ್ ವಾಲ್ವ್ ತೆರೆಯುವಾಗಲೂ ಒಳಗೆ ಬೆಂಕಿ ಉರಿಯುತ್ತಲೇ ಇರುತ್ತದೆ. ಆ ಬೆಂಕಿ ಹೆಡ್‌ನ ಗೋಡೆಗಳನ್ನು ಸುಡುತ್ತಾ ಹೊರಗೆ ಹೋಗುತ್ತದೆ. ಮಿನಿಯ ಹೆಡ್‌ನಲ್ಲಿ ನಡುವಿನ ಎರಡು ಸಿಲಿಂಡರ್‌ಗಳಿಗೆ ಸೇರಿ ಒಂದೇ ಎಕ್ಸಾಸ್ಟ್ ದಾರಿ, ಹಾಗಾಗಿ ಆ ಜಾಗ ಮೊದಲೇ ಬಿಸಿ. ಕಿಡಿಯ ಸಮಯ ಹೊಂದಿಸುವ ಡಿಸ್ಟ್ರಿಬ್ಯೂಟರ್‌ನ ವ್ಯಾಕ್ಯೂಮ್ ಪೈಪ್ ಕಳಚಿ ಬಾಯಲ್ಲಿ ಎಳೆದು ನೋಡಿ. ಒಳಗಿನ ಪ್ಲೇಟ್ ಅಲುಗಬೇಕು, ಗಾಳಿ ಬರಬಾರದು. ಸುಮ್ನೆ ಗಾಳಿ ಬಂತು ಅಂದರೆ ಒಳಗಿನ ಡಯಾಫ್ರಮ್, ಅಂದರೆ ರಬ್ಬರ್ ಪೊರೆ, ಹರಿದಿದೆ. ಸ್ಪಾರ್ಕ್ ಪ್ಲಗ್ ತೆಗೆದಾಗ ಬೆಳ್ಳಗೆ ಸುಣ್ಣದ ಹಾಗೆ ಕಂಡರೆ ಪೆಟ್ರೋಲ್ ಕಡಿಮೆ, ಗಾಳಿ ಜಾಸ್ತಿ ಹೋಗುತ್ತಿದೆ. ಅದೂ ಬಿಸಿಗೆ ದಾರಿ. ಬ್ರೇಕ್ ಹಿಡಿದುಕೊಂಡಿದ್ದರೂ ಇಂಜಿನ್ ವೃಥಾ ದುಡಿಯುತ್ತದೆ. ಒಂದು ಸುತ್ತು ಹೋಗಿ ಬಂದು ನಾಲ್ಕೂ ಚಕ್ರದ ಹತ್ತಿರ ಕೈ ಹಿಡಿದರೆ ಯಾವುದು ಹಿಡಿದಿದೆ ಅಂತ ಗೊತ್ತಾಗುತ್ತದೆ.

ಇಷ್ಟೆಲ್ಲ ಮಾಡುವ ಮೊದಲು ಗೇಜ್ ನಿಜ ಹೇಳುತ್ತಿದೆಯಾ ನೋಡಿ. ಅನೇಕ ಮಿನಿಗಳಲ್ಲಿ ಪೆಟ್ರೋಲ್ ಗೇಜ್, ಟೆಂಪರೇಚರ್ ಗೇಜ್ ಎರಡಕ್ಕೂ ಒಂದೇ ವೋಲ್ಟೇಜ್ ಸ್ಟೆಬಿಲೈಸರ್ ಇರುತ್ತದೆ, ಅದು ಸರಾಸರಿ 10 ವೋಲ್ಟ್ ಕೊಡಬೇಕು. ಅದು ಕೆಟ್ಟು ಪೂರ್ತಿ 12 ವೋಲ್ಟ್ ಬಿಟ್ಟರೆ ಎರಡೂ ಮುಳ್ಳು ಒಟ್ಟಿಗೆ ಮೇಲೇರುತ್ತವೆ. ಪೆಟ್ರೋಲ್ ಹಾಕಿಸದೇ ಟ್ಯಾಂಕ್ ತುಂಬಿದ ಹಾಗೆ ತೋರಿಸಿದ ದಿನವೇ ಗಾಡಿ ಹೀಟ್ ಎಂದೂ ತೋರಿಸಿದರೆ, ಮೊದಲು ಆ ಸ್ಟೆಬಿಲೈಸರ್ ನೋಡಿ. ಥರ್ಮೋಸ್ಟಾಟ್ ಹೌಸಿಂಗ್‌ಗೆ ಇನ್‌ಫ್ರಾರೆಡ್ ಥರ್ಮಾಮೀಟರ್ ಹಿಡಿದರೆ ಅನುಮಾನ ತೀರುತ್ತದೆ.

ರಸ್ತೆಯಲ್ಲಿ ಇರುವಾಗಲೇ ಮುಳ್ಳು ಏರಿದರೆ? ಹೀಟರ್ ಪೂರ್ತಿ ತೆರೆಯಿರಿ, ಬ್ಲೋವರ್ ಹಾಕಿ, ಕಿಟಕಿ ಇಳಿಸಿ. ಸೆಖೆಯಲ್ಲಿ ಹೀಟರ್ ಹಾಕೋದು ಹಿಂಸೆಯೇ, ಆದರೆ ಅದು ನಿಮಗಿರುವ ಎರಡನೇ ರೇಡಿಯೇಟರ್. ಇನ್ನೊಂದು ಲಾಭವೂ ಇದೆ. ಹೀಟರ್‌ಗೆ ನೀರು ಹೋಗುವುದು ಹೆಡ್‌ನ 4ನೇ ಸಿಲಿಂಡರ್ ತುದಿಯಿಂದ. ಅದನ್ನು ತೆರೆದರೆ ಆ ದೂರದ ಮೂಲೆಯಲ್ಲೂ ನೀರು ಓಡುತ್ತದೆ. ಟ್ರಾಫಿಕ್‌ನಲ್ಲಿ ನಿಂತಿದ್ದರೆ ನ್ಯೂಟ್ರಲ್‌ಗೆ ಹಾಕಿ ಆಕ್ಸಿಲರೇಟರ್ ಸ್ವಲ್ಪ ಒತ್ತಿ, ನಿಮಿಷಕ್ಕೆ 1500 ಸುತ್ತಿನ ಹತ್ತಿರ ಇಡಿ. ಫ್ಯಾನ್ ಇಂಜಿನ್ನಿಗೇ ಕಟ್ಟಿದ್ದು, ಇಂಜಿನ್ ನಿಧಾನ ಆದರೆ ಅದೂ ನಿಧಾನ.

ಅಷ್ಟಕ್ಕೂ ಇಳಿಯದೆ ಆವಿ ಕಂಡರೆ ಪಕ್ಕಕ್ಕೆ ನಿಲ್ಲಿಸಿ ಇಂಜಿನ್ ಆಫ್ ಮಾಡಿ. ಬಾನೆಟ್ ಎತ್ತಿ ದೂರ ಸರಿಯಿರಿ. ಕ್ಯಾಪ್ ಮುಟ್ಟಬೇಡಿ. ಒಳಗೆ 100 ಡಿಗ್ರಿ ದಾಟಿದ ನೀರು ಒತ್ತಡದಲ್ಲಿ ಇರುತ್ತದೆ, ಕ್ಯಾಪ್ ತೆಗೆದ ಕ್ಷಣ ಅಷ್ಟೂ ಕುದಿದು ಮುಖಕ್ಕೆ ಚಿಮ್ಮುತ್ತದೆ. ಕಡಿಮೆ ಅಂದರೂ ಅರ್ಧ ಗಂಟೆ ಕಾಯಿರಿ. ಆಮೇಲೆ ದಪ್ಪ ಬಟ್ಟೆ ಹಿಡಿದು, ಮೊದಲ ಹಂತದ ತನಕ ಮಾತ್ರ ತಿರುಗಿಸಿ, ಉಸ್ಸೆನ್ನುವುದು ನಿಂತ ಮೇಲೆ ಪೂರ್ತಿ ತೆಗೆಯಿರಿ. ಸುಡುವ ಇಂಜಿನ್ನಿಗೆ ತಣ್ಣೀರು ಸುರಿಯಬೇಡಿ, ಎರಕದ ಕಬ್ಬಿಣ ಬಿರುಕು ಬಿಡುತ್ತದೆ. ಇದನ್ನು ನಾನು ಗಟ್ಟಿಯಾಗಿ ಹೇಳುತ್ತಿದ್ದೇನೆ, ಯಾಕೆಂದರೆ ಗಾಬರಿಯಲ್ಲಿ ಎಲ್ಲರ ಕೈಯೂ ಮೊದಲು ನೀರಿನ ಬಾಟಲಿಗೇ ಹೋಗುತ್ತದೆ.

ಕೆಲವು ಪ್ರಶ್ನೆಗಳು ಚೀಟಿಯಲ್ಲಿ ಬಂದಿವೆ.

"ಬೇಸಿಗೆಯಲ್ಲಿ ಥರ್ಮೋಸ್ಟಾಟ್ ತೆಗೆದುಬಿಟ್ಟರೆ ಆಗಲ್ವಾ?" ಆಗಲ್ಲ. ಮಿನಿಯಲ್ಲಿ ಪಂಪ್ ನೀರು ಕೊಡುವುದೂ 1ನೇ ಸಿಲಿಂಡರ್ ಕಡೆ, ನೀರು ಹೊರಗೆ ಬರುವುದೂ ಅದೇ ಕಡೆ. ಥರ್ಮೋಸ್ಟಾಟ್ ಒಡ್ಡುವ ಸಣ್ಣ ತಡೆಯೂ ಇಲ್ಲದಿದ್ದರೆ ನೀರು ಹತ್ತಿರದ ದಾರಿ ಹಿಡಿಯುತ್ತದೆ, ಕೊನೆಯ ಸಿಲಿಂಡರ್ ಒಣಗುತ್ತದೆ. ಗೇಜ್ ತಣ್ಣಗೆ ತೋರಿಸುತ್ತಿರುತ್ತದೆ, ಬ್ಲಾಕ್‌ಗೂ ಹೆಡ್‌ಗೂ ನಡುವಿನ ಗ್ಯಾಸ್ಕೆಟ್ ಆ ಕೊನೆಯಲ್ಲಿ ಸುಡುತ್ತಿರುತ್ತದೆ. 82 ಡಿಗ್ರಿಯದರ ಬದಲು 74 ಡಿಗ್ರಿಯದು ಹಾಕಿ. ಹಾಕುವ ಮೊದಲು ಪಾತ್ರೆಯಲ್ಲಿ ನೀರು ಕಾಯಿಸಿ, ಅದರ ಮೇಲೆ ಒತ್ತಿರುವ ಡಿಗ್ರಿಗೆ ಬಾಯಿ ಬಿಡುತ್ತದಾ ಅಂತ ನೋಡಿ.

"ಬರೀ ನೀರು ಹಾಕಬಹುದಾ?" ಬಿಸಿ ಹೊರೋದರಲ್ಲಿ ನೀರೇ ಮುಂದು. ಅರ್ಧಕ್ಕರ್ಧ ಕೂಲಂಟ್ ಮಿಶ್ರಣ ಅದಕ್ಕಿಂತ ಸುಮಾರು ಹತ್ತನೇ ಒಂದು ಭಾಗ ಕಡಿಮೆ ಹೊರುತ್ತದೆ. ಆದರೆ ಬರೀ ನೀರು ಕಬ್ಬಿಣವನ್ನು ತಿನ್ನುತ್ತದೆ, ಬಕೆಟ್ಟಿನ ತುಕ್ಕು ನೆನಪಿದೆಯಲ್ಲ. ಹಿಮ ಬೀಳದ ಕಡೆ ನಾನಾದರೆ ಮೂರು ಪಾಲು ಡಿಸ್ಟಿಲ್ಡ್ ವಾಟರ್‌ಗೆ ಒಂದು ಪಾಲು ತುಕ್ಕು ತಡೆಯುವ ಕೂಲಂಟ್ ಹಾಕುತ್ತೇನೆ. ತುಂಬುವಾಗ ಹೀಟರ್ ತೆರೆದಿಟ್ಟು, ನಿಧಾನಕ್ಕೆ ಸುರಿಯಿರಿ. ಗಾಳಿ ಒಳಗೆ ಸಿಕ್ಕಿಕೊಂಡರೆ ಮತ್ತೆ ಅದೇ ಕಥೆ.

"ಎಲೆಕ್ಟ್ರಿಕ್ ಫ್ಯಾನ್ ಹಾಕಲಾ?" ಚಕ್ರದ ಗೂಡಿನ ಕಡೆ, ರೇಡಿಯೇಟರ್ ಮೂಲಕ ಗಾಳಿಯನ್ನು ಹೊರಕ್ಕೆ ಎಳೆಯುವ ಹಾಗೆ ಒಂದು ಸಹಾಯಕ ಫ್ಯಾನ್ ಹಾಕಿದರೆ ಟ್ರಾಫಿಕ್‌ನಲ್ಲಿ ಖಂಡಿತ ಉಪಯೋಗ. ದಿಕ್ಕು ಮಾತ್ರ ಎರಡೂ ಫ್ಯಾನ್‌ದು ಒಂದೇ ಇರಬೇಕು. ತಯಾರಕರೇ ಕೊನೆಗೆ, 1996ರ ಕೊನೆಯಲ್ಲಿ ಬಂದ ಮಾಡೆಲ್‌ನಲ್ಲಿ, ರೇಡಿಯೇಟರನ್ನು ಮುಂದಕ್ಕೆ ತಂದು ಎಲೆಕ್ಟ್ರಿಕ್ ಫ್ಯಾನ್ ಕೊಟ್ಟರು. ಆದರೆ ಫೋಮ್ ಸರಿ ಮಾಡದೆ ಫ್ಯಾನ್‌ಗೆ ದುಡ್ಡು ಹಾಕಬೇಡಿ.

"ಓಡುವಾಗ ಸರಿ ಇರುತ್ತೆ, ನಿಲ್ಲಿಸಿ ಹತ್ತು ನಿಮಿಷ ಬಿಟ್ಟು ಸ್ಟಾರ್ಟ್ ಮಾಡಿದರೆ ಆಗಲ್ಲ." ಇದು ರೇಡಿಯೇಟರ್ ಸಮಸ್ಯೆ ಅಲ್ಲ. ಪೆಟ್ರೋಲಿಗೆ ಗಾಳಿ ಬೆರೆಸುವ ಕಾರ್ಬ್ಯುರೇಟರ್ ಇಂಜಿನ್ನಿನ ಹಿಂದೆ, ಎಕ್ಸಾಸ್ಟ್ ಮ್ಯಾನಿಫೋಲ್ಡ್ ಮೇಲೆ ಕೂತಿದೆ. ನಿಲ್ಲಿಸಿದಾಗ ಗಾಳಿಯೂ ಇಲ್ಲ, ನೀರಿನ ಓಟವೂ ಇಲ್ಲ, ಬಿಸಿ ಮೇಲಕ್ಕೆ ಏರಿ ಪೆಟ್ರೋಲ್ ಕುದಿಯುತ್ತದೆ. ನಿಲ್ಲಿಸುವ ಮೊದಲು ಒಂದೆರಡು ನಿಮಿಷ ಐಡ್ಲಿಂಗ್‌ನಲ್ಲಿ ಬಿಡಿ, ಆಮೇಲೆ ಬಾನೆಟ್ ಎತ್ತಿಡಿ. ಕಾರ್ಬ್ಯುರೇಟರ್ ಕೆಳಗೆ ಒಂದು ತಗಡಿನ ತಡೆ ಹಾಕಿಸಿ.

ಕೊನೆಯದು, ಹಳೆಯ ಫಿಯೆಟ್ 500 ಇಟ್ಟುಕೊಂಡವರದು. ಅದರಲ್ಲಿ ನೀರೇ ಇಲ್ಲ, ಗಾಳಿಯಿಂದಲೇ ತಣ್ಣಗಾಗಬೇಕು. ಆದರೂ ನೋಡಬೇಕಾದ್ದು ಅದೇ: ಇಂಜಿನ್ ಸುತ್ತಲಿನ ತಗಡಿನ ಕವಚ ಪೂರ್ತಿ ಇದೆಯಾ, ಸೀಲ್ ಕಳಚಿದೆಯಾ, ಬೆಲ್ಟ್ ಬಿಗಿ ಇದೆಯಾ, ಫಿನ್‌ಗಳ ನಡುವೆ ಎಣ್ಣೆ ಧೂಳು ಮೆತ್ತಿಕೊಂಡಿದೆಯಾ.

ಹೊರಗೆ ಹನ್ನೊಂದು ಗಾಡಿ ನಿಂತಿವೆ, ಬಿಸಿಲೂ ಚೆನ್ನಾಗಿದೆ. ಕಾಗದದ ಪಟ್ಟಿಗಳನ್ನು ಕಡ್ಡಿಗೆ ಕಟ್ಟಿ ತಂದಿದ್ದೇನೆ. ಬನ್ನಿ, ಒಂದೊಂದೇ ಬಾನೆಟ್ ಎತ್ತಿ ನೋಡೋಣ. ಆ ಹಸಿರು ಮಿನಿ ಯಾರದು? ಅದರಿಂದಲೇ ಶುರು ಮಾಡೋಣ.